ಬಿಳಿಚಿದ ಮಾಂಸದ ಕತೆ

ಆನುವಂಶಿಕ ದೋಷವುಳ್ಳ ಪ್ರಾಣಿಯ ಮಾಂಸವನ್ನು ತಿಂದರೆ ಆ ದೋಷ ತಿಂದವರಿಗೂ ಅಂಟುತ್ತದೆಯೇ? ಜೀವಶಾಸ್ತ್ರದ ಪಾಠ ಕೇಳಿದ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಏಳುವ ಪ್ರಶ್ನೆಯಿದು. ‘ಇಲ್ಲ’ ಎಂದು ಒಂದೇ ಮಾತಿನಲ್ಲಿ ಉತ್ತರಿಸಿಬಿಡಬಹುದು. ಆದರೆ ಯೂರೋಪಿನ ಹಂದಿ ಸಾಕಣೆಯ ಇತಿಹಾಸವನ್ನು ನೋಡಿದರೆ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ.

ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಲ್ಲಿನ ಗ್ರಾಹಕರು ಕೊಬ್ಬಿಲ್ಲದ ಮಾಂಸವನ್ನು ಬಯಸತೊಡಗಿದರು. ತಳಿಗಾರರು ಬೆನ್ನಿನ ಕೊಬ್ಬು ತೆಳುವಾಗಿ, ತೊಡೆ ದಪ್ಪವಾಗಿರುವ ಹಂದಿಗಳನ್ನೇ ಆರಿಸಿ ಬೆಳೆಸಿದರು. ಬೆಲ್ಜಿಯಂನ ಪಿಯೆತ್ರೇನ್ ತಳಿ ಇದಕ್ಕೆ ಹೆಸರಾಯಿತು. ಇದೇ ಕಾಲದಲ್ಲಿ, 1950ರ ದಶಕದ ಆರಂಭದಲ್ಲಿ, ಡೆನ್ಮಾರ್ಕಿನ ಲುಡ್ವಿಗ್ಸನ್ ಎಂಬ ವಿಜ್ಞಾನಿ ಕೆಲವು ಹಂದಿಗಳ ಮಾಂಸ ಬಿಳಿಚಿಕೊಂಡು, ಮೆತ್ತಗಾಗಿ, ನೀರು ಸುರಿಸುವುದನ್ನು ವರ್ಣಿಸಿದರು. ಇತ್ತ ಲಾರಿಯಲ್ಲಿ ಸಾಗಿಸುವಾಗ, ಪರಸ್ಪರ ಕಾದಾಡುವಾಗ, ಸೆಕೆ ಹೆಚ್ಚಾದಾಗ ದಷ್ಟಪುಷ್ಟ ಹಂದಿಗಳು ಇದ್ದಕ್ಕಿದ್ದಂತೆ ನಡುಗಿ, ಸೆಟೆದು ಸಾಯುತ್ತಿದ್ದವು. 1968ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ‘ಹಂದಿಗಳ ಒತ್ತಡ ರೋಗ’ ಎಂಬರ್ಥದ ಹೆಸರಿನಿಂದ ಕರೆದರು.

ಮಾಂಸ ಬಿಳಿಚುವುದೇಕೆ? ಪ್ರಾಣಿ ಸತ್ತ ಮೇಲೂ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಒಡೆದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಆರೋಗ್ಯವಂತ ಹಂದಿಯಲ್ಲಿ ಪಿ.ಎಚ್. ಸುಮಾರು 7ರಿಂದ 5.6ರ ಆಸುಪಾಸಿಗೆ ಇಳಿಯಲು ಹಲವು ಗಂಟೆಗಳು ಬೇಕು. ಅಷ್ಟರಲ್ಲಿ ಮಾಂಸ ತಣ್ಣಗಾಗಿರುತ್ತದೆ. ದೋಷವುಳ್ಳ ಹಂದಿಯಲ್ಲಾದರೋ 45 ನಿಮಿಷಗಳೊಳಗೇ ಪಿ.ಎಚ್. 6ಕ್ಕಿಂತ ಕೆಳಗಿಳಿಯುತ್ತದೆ. ಮೈ ಇನ್ನೂ ಬಿಸಿ, ಜೊತೆಗೆ ಆಮ್ಲ. ಪ್ರೋಟೀನು ತನ್ನ ರಚನೆ ಕಳೆದುಕೊಂಡು ನೀರನ್ನು ಹಿಡಿದಿಡಲಾರದಾಗುತ್ತದೆ. ಹಾಲಿಗೆ ನಿಂಬೆರಸ ಹಿಂಡಿ ಕಾಯಿಸಿದರೆ ಒಡೆಯುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ.

ದೋಷದ ಮೂಲ ಸಿಕ್ಕಿದ್ದು ಮನುಷ್ಯರ ವೈದ್ಯಕೀಯದ ನೆರವಿನಿಂದ ಎಂಬುದು ಈ ಕತೆಯ ಸ್ವಾರಸ್ಯ. 1960ರಲ್ಲಿ ಮೆಲ್ಬರ್ನಿನ ವೈದ್ಯರಾದ ಡೆನ್‌ಬರೋ ಮತ್ತು ಲೋವೆಲ್, ಕಾಲು ಮುರಿದುಕೊಂಡು ಬಂದ 21 ವರ್ಷದ ಯುವಕನೊಬ್ಬನ ವಿಷಯ ಪ್ರಕಟಿಸಿದರು. ಅವನ ಬಂಧುಗಳಲ್ಲಿ 10 ಮಂದಿ ಅರಿವಳಿಕೆ ಪಡೆದಾಗ ಸತ್ತಿದ್ದರು. ಹ್ಯಾಲೋಥೇನ್ ಕೊಟ್ಟಾಗ ಅವನ ಸ್ಥಿತಿಯೂ ಗಂಭೀರವಾಯಿತು, ಅದೃಷ್ಟವಶಾತ್ ಬದುಕಿಕೊಂಡ. 1966ರಲ್ಲಿ ಬ್ರಿಟನ್ನಿನಲ್ಲಿ ಅರಿವಳಿಕೆ ಕೊಟ್ಟ ಲ್ಯಾಂಡ್ರೇಸ್ ಹಂದಿಗಳಲ್ಲಿಯೂ ಇಂಥದೇ ಅವಾಂತರ ಕಂಡಿತು. ಇದನ್ನೇ ಬಳಸಿಕೊಂಡು 1974ರಲ್ಲಿ ನೆದರ್ಲೆಂಡ್ಸಿನ ಐಕೆಲೆನ್‌ಬೋಮ್ ಮತ್ತು ಮಿಂಕೆಮಾ ಒಂದು ಸರಳ ಪರೀಕ್ಷೆ ರೂಪಿಸಿದರು. ಮರಿಗೆ ಕೆಲವು ನಿಮಿಷ ಹ್ಯಾಲೋಥೇನ್ ಮೂಸಿಸಬೇಕು; ಕಾಲು ಸೆಟೆದರೆ ದೋಷವಿದೆ. 1991ರಲ್ಲಿ ಟೊರಾಂಟೊದ ಮ್ಯಾಕ್‌ಲೆನನ್ ಅವರ ತಂಡ ವಂಶವಾಹಿಯನ್ನೇ ಗುರುತಿಸಿತು. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಬಾಗಿಲಿನಂಥ ಒಂದು ಪ್ರೋಟೀನಿನಲ್ಲಿ, 615ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ನಮ್ಮಲ್ಲೂ ಸಾಕುವ ಯಾರ್ಕ್‌ಷೈರ್, ಲ್ಯಾಂಡ್ರೇಸ್ ಸೇರಿದಂತೆ 5 ತಳಿಗಳಲ್ಲಿ ಇದೇ ಬದಲಾವಣೆ ಸಿಕ್ಕಿತು. ಅದೇ ವರ್ಷ ಮನುಷ್ಯರಲ್ಲಿಯೂ ಅದಕ್ಕೆ ಸಮನಾದ ಬದಲಾವಣೆ ಪತ್ತೆಯಾಯಿತು.

ಹಾಗಾದರೆ ಹಂದಿಯಿಂದ ಮನುಷ್ಯನಿಗೆ ಬಂದಿತೇ? ಖಂಡಿತ ಇಲ್ಲ. ಅಂಥವರು ಅದನ್ನು ಪಡೆದದ್ದು ತಂದೆಯಿಂದ ಅಥವಾ ತಾಯಿಯಿಂದಲೇ ಹೊರತು ಊಟದ ತಟ್ಟೆಯಿಂದಲ್ಲ. ಸೊಪ್ಪಾಗಲಿ ಮಾಂಸವಾಗಲಿ, ನಾವು ತಿನ್ನುವ ಡಿ.ಎನ್.ಎ. ಕರುಳಿನಲ್ಲಿ ಚೂರುಚೂರಾಗಿ ಜೀರ್ಣವಾಗುತ್ತದೆ. ಬಿಳಿಚಿದ ಮಾಂಸ ಬೇಯಿಸಿದಾಗ ಒಣಗುತ್ತದೆ, ರುಚಿ ಕೆಡುತ್ತದೆ, ತೂಕ ಕಳೆದುಕೊಂಡು ವ್ಯಾಪಾರಿಗೆ ನಷ್ಟ ತರುತ್ತದೆ, ತಿಂದವನಿಗೆ ವಿಷವಾಗುವುದಿಲ್ಲ.

ಅಪಾಯದ ಪ್ರಶ್ನೆ ಎದ್ದದ್ದು ಬೇರೆ ದಾರಿಯಿಂದ. ಸಾಗಾಣಿಕೆಯಲ್ಲಿ ಹಂದಿಗಳು ಸಾಯದಿರಲೆಂದು ಅವುಗಳಿಗೆ ಅಜಾಪೆರೋನ್ ಎಂಬ ಶಮನಕಾರಿಯನ್ನೂ, ಹೃದಯದ ಬಡಿತ ತಗ್ಗಿಸುವ ಕ್ಯಾರಜೋಲಾಲನ್ನೂ ಚುಚ್ಚುವ ರೂಢಿ ಬೆಳೆಯಿತು. ಕೊಲ್ಲುವ ಮುನ್ನ ಕೊಟ್ಟ ಔಷಧಿ ದೇಹದಿಂದ ಹೊರಹೋಗಲು ಸಮಯವೆಲ್ಲಿ? ಮಾಂಸದಲ್ಲಿ ಉಳಿಯುವ ಅದರ ಶೇಷವನ್ನು ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 1991ರಲ್ಲಿ ಪರಿಶೀಲಿಸಿತು. ಮುಂದೆ ಅಂತರರಾಷ್ಟ್ರೀಯ ಮಿತಿಗಳೂ ಬಂದವು. ದೋಷಕ್ಕಿಂತ ದೋಷವನ್ನು ಮುಚ್ಚಲು ಹೂಡಿದ ಉಪಾಯವೇ ಹೆಚ್ಚು ಕಾವಲು ಬೇಡಿತೆಂದು ನನಗನಿಸುತ್ತದೆ.

ಇಷ್ಟೆಲ್ಲ ತೊಂದರೆ ಕೊಡುವ ದೋಷವನ್ನು ತಳಿಗಾರರು ಮೊದಲೇ ಏಕೆ ಕಿತ್ತೊಗೆಯಲಿಲ್ಲ? ಅದೇ ದೋಷ ಮಾಂಸದ ಪಾಲನ್ನು ಹೆಚ್ಚಿಸುತ್ತಿತ್ತು. ತಂದೆ ತಾಯಿ ಇಬ್ಬರಿಂದಲೂ ಪಡೆದ ಹಂದಿ ಸಾಯುವ ಭಯವಿತ್ತು. ಒಬ್ಬರಿಂದ ಮಾತ್ರ ಪಡೆದದ್ದು ಸಾಮಾನ್ಯವಾಗಿ ಬದುಕಿ, ಕೊಬ್ಬು ಕಡಿಮೆಯಿದ್ದು ಒಳ್ಳೆಯ ಬೆಲೆ ತರುತ್ತಿತ್ತು. ಹ್ಯಾಲೋಥೇನ್ ಪರೀಕ್ಷೆಗೆ ಈ ಎರಡನೆಯ ಬಗೆಯವು ಸಿಕ್ಕಿಬೀಳುತ್ತಿರಲಿಲ್ಲ. 1991ರ ನಂತರ ಡಿ.ಎನ್.ಎ. ಪರೀಕ್ಷೆ ಅವನ್ನೂ ಹಿಡಿಯಿತು. ಹಲವು ದೇಶಗಳ ತಳಿಗಾರರು ದೋಷವನ್ನು ಹಿಂಡಿನಿಂದ ಹೊರಹಾಕತೊಡಗಿದರು. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದಲ್ಲಿ ದೋಷವಿಲ್ಲದ ಪಿಯೆತ್ರೇನ್ ಪೀಳಿಗೆಯೇ ಸಿದ್ಧವಾಯಿತು. ಆದರೂ ಬಿಳಿಚಿದ ಮಾಂಸ ಪೂರ್ತಿ ಮಾಯವಾಗಲಿಲ್ಲ. ದೋಷವಿಲ್ಲದ ಹಂದಿಯನ್ನೂ ಕಸಾಯಿಖಾನೆಯ ಬಾಗಿಲಲ್ಲಿ ಹೊಡೆದು, ಬೆದರಿಸಿ, ಅವಸರದಿಂದ ಓಡಿಸಿದರೆ ಅದರ ಮಾಂಸ ಹಾಗೆಯೇ ಬಿಳಿಚಿಕೊಳ್ಳುತ್ತದೆ.