ಹಿತ್ತಲ ಗಿಡವೂ ಮದ್ದೇ: ಮೀಡಿಯಾಸಿಟಿಯ ಸುತ್ತಮುತ್ತ ವಿದ್ಯುತ್ತಿನ ಇತಿಹಾಸ



ಮೀಡಿಯಾಸಿಟಿ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಬಿಬಿಸಿ, ಗಾಜಿನ ಕಟ್ಟಡಗಳು, ನೀರಿನ ಮೇಲಿನ ಸೇತುವೆ. ಬಿಬಿಸಿ ಇಲ್ಲಿಗೆ ಬಂದದ್ದು 2011ರಲ್ಲಿ. ಅದಕ್ಕೆ ಮೊದಲು ಇದು ಮ್ಯಾಂಚೆಸ್ಟರ್ ಬಂದರಾಗಿತ್ತು. 1894ರಲ್ಲಿ ಹಡಗಿನ ಕಾಲುವೆ ತೆರೆದಾಗ ಹುಟ್ಟಿ, 1982ರಲ್ಲಿ ಮುಚ್ಚಿಹೋಯಿತು. ಇಷ್ಟು ನಮ್ಮಲ್ಲಿ ಬಹುಮಂದಿಗೆ ಗೊತ್ತು. ಆದರೆ ನಮ್ಮ ಮಕ್ಕಳು ಜಿ.ಸಿ.ಎಸ್.ಇ. ಪರೀಕ್ಷೆಗೆಂದು ಉರು ಹೊಡೆಯುವ ವಿದ್ಯುತ್ತು ಮತ್ತು ಅಯಸ್ಕಾಂತದ ಪಾಠದಲ್ಲಿ ಒಂದಷ್ಟು ಇದೇ ಊರುಗಳ ಸುತ್ತಮುತ್ತ ಹುಟ್ಟಿದ್ದು ಎಂಬುದನ್ನು ನಾವು ಅವರಿಗೆ ಹೇಳಿದ್ದು ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ!

ಎಸ್.ಎಸ್.ಎಲ್.ಸಿ.ಯಲ್ಲಿ ನಾವು ಕಲಿತದ್ದೂ ಸೂತ್ರಗಳನ್ನೇ. ಮಕ್ಕಳು ಕಲಿಯುತ್ತಿರುವುದೂ ಸೂತ್ರಗಳನ್ನೇ. ಸೂತ್ರ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಯಾರು, ಯಾವ ಕಷ್ಟದಲ್ಲಿ, ಯಾವ ಪ್ರಶ್ನೆ ಕೇಳಿ ಅದನ್ನು ಕಂಡುಕೊಂಡರು ಎಂದು ತಿಳಿದರೆ ಮಾತ್ರ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಅದಕ್ಕಾಗಿ ಈ ಲೇಖನ.

ಚೊಂಬಿನೊಳಗಿನ ಬೆಂಡು

ಮೊದಲ ಪಾಠ ವಿದ್ಯುದಾವೇಶದ್ದು. ಒಂದೇ ಬಗೆಯ ಆವೇಶಗಳು ಒಂದನ್ನೊಂದು ತಳ್ಳುತ್ತವೆ, ಬೇರೆ ಬಗೆಯವು ಸೆಳೆಯುತ್ತವೆ. ದೂರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಫ್ರಾನ್ಸಿನ ಕೂಲಂಬನ ಹೆಸರು, 1785ರ ಇಸವಿ. ಅಳತೆ ಮಾಡಿ ತೋರಿಸಿದವನು ಆತನೇ, ನಿಜ. ಆದರೆ ಹದಿನೆಂಟು ವರ್ಷ ಮೊದಲೇ, 1767ರಲ್ಲಿ ಪ್ರಕಟವಾದ ವಿದ್ಯುತ್ತಿನ ಇತಿಹಾಸದ ತನ್ನ ಗ್ರಂಥದಲ್ಲಿ, ಇದನ್ನು ಊಹಿಸಿ ಬರೆದವನು ಜೋಸೆಫ್ ಪ್ರೀಸ್ಟ್ಲಿ. ಲೀಡ್ಸ್ ಬಳಿಯ ಬರ್ಸ್ಟಲ್‌ನಲ್ಲಿ ಹುಟ್ಟಿದ ಈತ ಆಗ ನಮ್ಮ ಪಕ್ಕದ ವಾರಿಂಗ್ಟನ್‌ನಲ್ಲಿ ಮೇಷ್ಟ್ರಾಗಿದ್ದ.

ಅವನ ಪ್ರಯೋಗ ಅಡುಗೆಮನೆಯ ಸಾಮಾನಿನಂಥದ್ದು. ಒಂದು ಲೋಹದ ಪಾತ್ರೆಗೆ ಆವೇಶ ಕೊಟ್ಟು, ಅದರೊಳಗೆ ದಾರದಲ್ಲಿ ಬೆಂಡಿನ ಗುಂಡುಗಳನ್ನು ಇಳಿಬಿಟ್ಟ. ಪಾತ್ರೆಯ ಹೊರಗೆ ಸೆಳೆತವಿತ್ತು, ಒಳಗೆ ಸೆಳೆತವೇ ಇರಲಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ಮೊದಲೇ ಕಂಡು, ಕಾರಣ ತಿಳಿಯದೆ ಪ್ರೀಸ್ಟ್ಲಿಯ ಗಮನಕ್ಕೆ ತಂದಿದ್ದ. ಪ್ರೀಸ್ಟ್ಲಿಗೆ ನ್ಯೂಟನ್ನನ ಮಾತು ನೆನಪಾಯಿತು: ಪೊಳ್ಳು ಗೋಳದ ಒಳಗೆ ನಿಂತವನಿಗೆ ಆ ಗೋಳದ ಗುರುತ್ವ ತಟ್ಟುವುದಿಲ್ಲ.

ಏಕೆ? ಗೋಳದೊಳಗೆ ಒಂದು ಕಡೆಗೆ ಸರಿದು ನಿಂತೆವೆನ್ನಿ. ಹತ್ತಿರದ ಗೋಡೆಯ ಚಿಕ್ಕ ತುಣುಕು ನಮ್ಮನ್ನು ಜೋರಾಗಿ ಎಳೆಯುತ್ತದೆ. ಎದುರಿನ ಗೋಡೆ ಎರಡು ಪಟ್ಟು ದೂರದಲ್ಲಿದ್ದರೆ ಅದೇ ನೋಟದಲ್ಲಿ ಕಾಣುವ ತುಣುಕಿನ ವಿಸ್ತೀರ್ಣ ನಾಲ್ಕು ಪಟ್ಟು. ಬಲ ಕಾಲು ಭಾಗ, ತುಣುಕು ನಾಲ್ಕು ಪಟ್ಟು, ಲೆಕ್ಕ ಸರಿಹೋಯಿತು. ಬಲ ಬೇರೆ ಯಾವ ರೀತಿಯಲ್ಲಿ ಇಳಿದಿದ್ದರೂ ಎರಡೂ ಕಡೆ ಸಮವಾಗುತ್ತಿರಲಿಲ್ಲ. ಹಾಗಾದರೆ ವಿದ್ಯುತ್ತೂ ಗುರುತ್ವದ ನಿಯಮವನ್ನೇ ಪಾಲಿಸುತ್ತಿರಬೇಕು ಎಂದು ಪ್ರೀಸ್ಟ್ಲಿ ತೀರ್ಮಾನಿಸಿದ. ಏನೂ ಆಗಲಿಲ್ಲ ಎಂಬುದರಿಂದಲೇ ಒಂದು ದೊಡ್ಡ ನಿಯಮ ಹೊರಟಿತು! ಇದನ್ನು ಮಕ್ಕಳಿಗೆ ಹೇಳಿಕೊಟ್ಟರೆ ಹತ್ತು ಸೂತ್ರ ಬರೆಸಿದ್ದಕ್ಕಿಂತ ಮೇಲು.

ಪ್ರೀಸ್ಟ್ಲಿ ಮುಂದೆ ಲೀಡ್ಸ್‌ಗೆ, ಅಲ್ಲಿಂದ ಕೊನೆಗೆ ಬರ್ಮಿಂಗ್‌ಹ್ಯಾಮಿಗೆ ಹೋದ. 1791ರ ಜುಲೈನಲ್ಲಿ ಅವನ ಧಾರ್ಮಿಕ, ರಾಜಕೀಯ ವಿಚಾರಗಳನ್ನು ಸಹಿಸದ ಗುಂಪು ಅವನ ಮನೆಯನ್ನೂ ಪ್ರಯೋಗಶಾಲೆಯನ್ನೂ ಸುಟ್ಟಿತು. ಆತ ಕೊನೆಗೆ ಅಮೆರಿಕಕ್ಕೆ ವಲಸೆ ಹೋದ. ಇಂದು ಎರಡೂ ಊರುಗಳಲ್ಲಿ ಅವನ ಪ್ರತಿಮೆ ಇದೆ. ಇದ್ದಾಗ ಬೆಂಕಿ, ಹೋದ ಮೇಲೆ ಪ್ರತಿಮೆ!

ಚಮ್ಮಾರನ ಅಯಸ್ಕಾಂತ

ಎರಡನೆಯ ಪಾಠ ವಿದ್ಯುತ್ಕಾಂತದ್ದು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ತಂತಿಯಲ್ಲಿ ಕರೆಂಟು ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ತೋರಿಸಿದ. ವಿದ್ಯುತ್ತು ಬೇರೆ, ಸೂಜಿಗಲ್ಲು ಬೇರೆ ಎಂದುಕೊಂಡಿದ್ದ ಪಂಡಿತರಿಗೆ ಅದು ಆಶ್ಚರ್ಯ. ಆ ಆಶ್ಚರ್ಯವನ್ನು ಕೆಲಸಕ್ಕೆ ಬರುವ ಉಪಕರಣವಾಗಿ ಮಾಡಿದವನು ವಿಲಿಯಂ ಸ್ಟರ್ಜನ್.

ಈತ ಉತ್ತರ ಲ್ಯಾಂಕಾಷೈರಿನ ವಿಟಿಂಗ್ಟನ್ ಎಂಬ ಹಳ್ಳಿಯಲ್ಲಿ 1783ರಲ್ಲಿ ಹುಟ್ಟಿದ. ಕಲಿತ ಕಸುಬು ಜೋಡು ಹೊಲಿಯುವುದು. ಆಮೇಲೆ ಸೈನ್ಯ ಸೇರಿ, ತಾನಾಗಿಯೇ ಪುಸ್ತಕ ಓದಿ ಗಣಿತ, ವಿಜ್ಞಾನ ಕಲಿತ. ಸೈನ್ಯ ಬಿಟ್ಟು ಮತ್ತೆ ಜೋಡು ಹೊಲಿಯುತ್ತಲೇ ಉಪಕರಣಗಳನ್ನು ಮಾಡಿದ. 1824ರಲ್ಲಿ ಆಡಿಸ್ಕೂಮ್‌ನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ಶಾಲೆಯಲ್ಲಿ ಅವನಿಗೆ ಉಪನ್ಯಾಸಕನ ಕೆಲಸ ಸಿಕ್ಕಿತು. ಮದರಾಸು, ಮುಂಬಯಿ, ಬಂಗಾಳದ ಸೈನ್ಯಗಳಿಗೆ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಶಾಲೆ ಅದು.

1825ರಲ್ಲಿ ಅವನು ಲಂಡನ್ನಿನ ಕಲೆಗಳ ಸೊಸೈಟಿಯ ಮುಂದೆ ಇಟ್ಟದ್ದು ಕುದುರೆ ಲಾಳದ ಆಕಾರದ ಒಂದು ಮೆದು ಕಬ್ಬಿಣ. ಅದಕ್ಕೆ ವಾರ್ನಿಷ್ ಬಳಿದು, ಮೇಲೆ ತಾಮ್ರದ ಬರಿ ತಂತಿ ಸುತ್ತಿದ್ದ. ತಂತಿಗೆ ಹೊದಿಕೆ ಇಲ್ಲದ್ದರಿಂದ ಸುತ್ತುಗಳು ಒಂದಕ್ಕೊಂದು ತಾಗದಂತೆ ದೂರ ದೂರ ಇರಬೇಕಾಗಿತ್ತು. ಏಳು ಔನ್ಸ್ ತೂಕದ ಆ ಕಬ್ಬಿಣ, ಒಂದೇ ಬ್ಯಾಟರಿ ಕೋಶದ ಕರೆಂಟಿನಿಂದ ಒಂಬತ್ತು ಪೌಂಡು ಎತ್ತಿತು. ಅಂದರೆ ತನ್ನ ತೂಕದ ಇಪ್ಪತ್ತು ಪಟ್ಟು! ಕರೆಂಟು ತೆಗೆದರೆ ಭಾರ ದೊಪ್ಪನೆ ಬೀಳುತ್ತಿತ್ತು. ಬೇಕೆಂದಾಗ ಹುಟ್ಟುವ, ಬೇಡವೆಂದಾಗ ಸಾಯುವ ಅಯಸ್ಕಾಂತ ಅದು. ತಂತಿ ಸಮಾಚಾರ, ಕರೆಗಂಟೆ, ಮೋಟಾರು, ಧ್ವನಿವರ್ಧಕ ಎಲ್ಲದರ ಹೊಟ್ಟೆಯಲ್ಲೂ ಇರುವುದು ಇದೇ.

ಸ್ಟರ್ಜನ್ 1840ರಲ್ಲಿ ಮ್ಯಾಂಚೆಸ್ಟರಿಗೆ ಬಂದ. ಜನಸಾಮಾನ್ಯರಿಗೆ ವಿಜ್ಞಾನ ತೋರಿಸುವ ರಾಯಲ್ ವಿಕ್ಟೋರಿಯಾ ಗ್ಯಾಲರಿಗೆ ಮೇಲ್ವಿಚಾರಕನಾದ. ಎರಡೇ ವರ್ಷದಲ್ಲಿ, 1842ರಲ್ಲಿ, ಅದು ಮುಚ್ಚಿತು. ಮುಂದೆ ಊರೂರು ತಿರುಗಿ ಉಪನ್ಯಾಸ ಮಾಡಿ ಹೊಟ್ಟೆ ಹೊರೆದ. ಸರ್ಕಾರ ಅವನಿಗೆ ವರ್ಷಕ್ಕೆ 50 ಪೌಂಡಿನ ಪಿಂಚಣಿ ಕೊಟ್ಟದ್ದು 1849ರಲ್ಲಿ. ಮರುವರ್ಷ ಡಿಸೆಂಬರಿನಲ್ಲಿ ಆತ ಪ್ರೆಸ್ಟ್‌ವಿಚ್‌ನಲ್ಲಿ ತೀರಿಕೊಂಡ. ಅಲ್ಲಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಅವನ ಸಮಾಧಿ ಇದೆ.

ಸಾಲ್ಫರ್ಡಿನ ನಿಯಮ, ಕಾವೇರಿಯ ನೀರು

ಸ್ಟರ್ಜನ್ ನಡೆಸುತ್ತಿದ್ದ ವಿದ್ಯುತ್ತಿನ ಪತ್ರಿಕೆಗೆ 1838ರಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಲೇಖನ ಕಳಿಸಿದ. ಹೆಸರು ಜೇಮ್ಸ್ ಪ್ರೆಸ್ಕಾಟ್ ಜೂಲ್. 1818ರ ಡಿಸೆಂಬರ್ 24ರಂದು ಸಾಲ್ಫರ್ಡಿನ ನ್ಯೂ ಬೇಲಿ ಸ್ಟ್ರೀಟಿನಲ್ಲಿ, ಇಂದಿನ ಮೀಡಿಯಾಸಿಟಿಗೆ ಸುಮಾರು ಎರಡು ಮೈಲಿ ದೂರದಲ್ಲಿ, ಬಿಯರ್ ತಯಾರಕನ ಮನೆಯಲ್ಲಿ ಹುಟ್ಟಿದವನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಹುಡುಗನಾಗಿದ್ದಾಗ ಮುದುಕ ಜಾನ್ ಡಾಲ್ಟನ್ನನ ಬಳಿ ಪಾಠ ಹೇಳಿಸಿಕೊಂಡಿದ್ದ.

ಜೂಲ್‌ನ ಮೊದಲ ಆಸೆ ವ್ಯಾಪಾರದ್ದು. ಹಬೆಯಂತ್ರದ ಬದಲು ವಿದ್ಯುತ್ ಮೋಟಾರು ಬಳಸಿದರೆ ಲಾಭವಲ್ಲವೇ ಎಂದು. ಲೆಕ್ಕ ಹಾಕಿ ನೋಡಿದರೆ, ಬ್ಯಾಟರಿಯಲ್ಲಿ ಒಂದು ಪೌಂಡು ಸತುವು ಮಾಡುವ ಕೆಲಸ ಒಂದು ಪೌಂಡು ಕಲ್ಲಿದ್ದಲು ಮಾಡುವುದಕ್ಕಿಂತ ಬಹಳ ಕಡಿಮೆ, ಬೆಲೆಯೋ ಬಹಳ ಹೆಚ್ಚು. ಆಸೆ ಮುರಿಯಿತು, ಆದರೆ ಅಳೆಯುವ ಅಭ್ಯಾಸ ಉಳಿಯಿತು. ಗಾಜಿನ ಕೊಳವೆಗೆ ತಂತಿ ಸುತ್ತಿ, ನೀರಿನಲ್ಲಿ ಮುಳುಗಿಸಿ, ಕರೆಂಟು ಹರಿಸಿ ನೀರು ಎಷ್ಟು ಬಿಸಿಯಾಯಿತೆಂದು ನೋಡಿದ. ಕರೆಂಟು ಎರಡು ಪಟ್ಟಾದರೆ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು. 1840ರಲ್ಲಿ ಇದನ್ನು ರಾಯಲ್ ಸೊಸೈಟಿಗೆ ಕಳಿಸಿದಾಗ ಅವರು ಸಾರಾಂಶ ಮಾತ್ರ ಅಚ್ಚು ಹಾಕಿದರು. ಪೂರ್ತಿ ಲೇಖನ ಮರುವರ್ಷ ಬೇರೆ ಪತ್ರಿಕೆಯಲ್ಲಿ ಬಂತು.

ಈ ನಿಯಮ ನಮ್ಮ ಮನೆಯ ಪ್ರತಿಯೊಂದು ಪ್ಲಗ್ಗಿನಲ್ಲೂ ಇದೆ. ಕೆಟಲಿನ ವೈರಿನಲ್ಲೂ ಒಳಗಿನ ಕಾಯಿಸುವ ಸುರುಳಿಯಲ್ಲೂ ಹರಿಯುವುದು ಒಂದೇ ಕರೆಂಟು. ಸುರುಳಿಯ ರೋಧ ಹೆಚ್ಚು, ಆದ್ದರಿಂದ ನೀರು ಕುದಿಯುತ್ತದೆ. ವೈರಿನ ರೋಧ ಕಡಿಮೆ, ಆದ್ದರಿಂದ ಅದು ಸುಡುವುದಿಲ್ಲ. ಈ ದೇಶದ ಪ್ಲಗ್ಗಿನೊಳಗಿರುವ 3 ಅಥವಾ 13 ಆಂಪಿಯರ್ ಫ್ಯೂಸು, ಕರೆಂಟು ಮಿತಿ ಮೀರಿದಾಗ ತಾನೇ ಬಿಸಿಯಾಗಿ ಕರಗಿ ಮನೆಯನ್ನು ಉಳಿಸುತ್ತದೆ.

ಇನ್ನು ನಮ್ಮ ನಾಡಿನ ಮಾತಿಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆ ನಮಗೆಲ್ಲ ಹೆಮ್ಮೆಯದು. ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್, ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯ ಟರ್ಬೈನುಗಳು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಯಂತ್ರಗಳು. ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರ ಜೂನಿನಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹತ್ತಿದ್ದು 1905ರ ಆಗಸ್ಟ್ 5ರಂದು.

ಅಷ್ಟು ದೂರ ತಂತಿಯಲ್ಲಿ ಕಳಿಸಿದರೆ ಶಕ್ತಿಯೆಲ್ಲ ದಾರಿಯಲ್ಲೇ ಬಿಸಿಯಾಗಿ ಸೋರಿಹೋಗಬೇಡವೇ? ಇಲ್ಲಿ ಬಂತು ಸಾಲ್ಫರ್ಡಿನ ನಿಯಮ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಹತ್ತನೆಯ ಒಂದು ಭಾಗ ಕರೆಂಟು ಸಾಕು. ಕರೆಂಟು ಹತ್ತನೆಯ ಒಂದಾದರೆ ಸೋರಿಕೆ ನೂರನೆಯ ಒಂದು. ಆದ್ದರಿಂದಲೇ ಶಿವನಸಮುದ್ರದ ತಂತಿಗಳಲ್ಲಿ ಹತ್ತಾರು ಸಾವಿರ ವೋಲ್ಟ್ ಇಟ್ಟರು. ಇಂದು ಈ ದೇಶದ ಎತ್ತರದ ಕಂಬಗಳಲ್ಲಿ 4 ಲಕ್ಷ ವೋಲ್ಟ್ ಇದೆ. ಗಣಿಯಲ್ಲಿ ಬೆವರು ಸುರಿಸಿದ ನಮ್ಮ ಜನರ ತಲೆಯ ಮೇಲೆ ಉರಿದ ದೀಪದ ಹಿಂದೆ ಸಾಲ್ಫರ್ಡಿನ ಹುಡುಗನ ಥರ್ಮಾಮೀಟರು ಇತ್ತು ಎಂದರೆ ತಪ್ಪಲ್ಲ.

1843ರಲ್ಲಿ ಜೂಲ್ ಇನ್ನೊಂದು ಹೆಜ್ಜೆ ಇಟ್ಟ. ಅಯಸ್ಕಾಂತದ ನಡುವೆ ವಾಹಕ ತಿರುಗಿಸಿ ಕರೆಂಟು ಹುಟ್ಟಿಸುವುದನ್ನು ಫ್ಯಾರಡೆ 1831ರಲ್ಲೇ ತೋರಿಸಿದ್ದ. ಜೂಲ್ ಹಾಗೆ ತಿರುಗಿಸಲು ಬೇಕಾದ ಶ್ರಮವನ್ನೂ, ಹುಟ್ಟಿದ ಬಿಸಿಯನ್ನೂ ತಾಳೆ ನೋಡಿದ. ಇಷ್ಟು ಶ್ರಮಕ್ಕೆ ಇಷ್ಟೇ ಬಿಸಿ ಎಂಬ ಲೆಕ್ಕ ಸಿಕ್ಕಿತು. ಒಂದು ಪೌಂಡು ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು 772 ಅಡಿ ಎತ್ತರದಿಂದ ಒಂದು ಪೌಂಡು ಬಿದ್ದಷ್ಟು ಕೆಲಸ ಬೇಕು ಎಂಬುದು ಅವನ ಮುಂದಿನ ವರ್ಷಗಳ ಅಳತೆ. ಆ ಲೆಕ್ಕದಲ್ಲಿ ಸುಮಾರು 300 ಅಡಿ ಧುಮುಕುವ ಗಗನಚುಕ್ಕಿಯ ನೀರು ಬಿಸಿಯಾಗುವುದು ಅರ್ಧ ಡಿಗ್ರಿಗೂ ಕಡಿಮೆ. ಅಷ್ಟು ಅಲ್ಪ ಬಿಸಿಯಾಗಿ ಕಳೆದುಹೋಗುವ ಶಕ್ತಿಯನ್ನು ಹಿಡಿದೇ ನಾವು ಚಿನ್ನ ಅಗೆದೆವು, ಬೀದಿ ಬೆಳಗಿದೆವು!

ಹಣವಿಲ್ಲದೆ ತಪ್ಪಿದ ಕೆಲಸ

ಮಕ್ಕಳನ್ನು ಗೋಳಾಡಿಸುವ ಒಂದು ಪ್ರಶ್ನೆ ಇದೆ. ಕರೆಂಟು ಧನದಿಂದ ಋಣಕ್ಕೆ ಹರಿಯುತ್ತದೆ ಎನ್ನುತ್ತಾರೆ. ಎಲೆಕ್ಟ್ರಾನು ಋಣದಿಂದ ಧನಕ್ಕೆ ಎನ್ನುತ್ತಾರೆ. ಯಾವುದು ಸರಿ? ಧನ, ಋಣ ಎಂಬ ಹೆಸರಿಟ್ಟವನು ಫ್ರಾಂಕ್ಲಿನ್, ಹದಿನೆಂಟನೆಯ ಶತಮಾನದ ನಡುವಿನಲ್ಲಿ. ಒಳಗೆ ಓಡಾಡುವುದು ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಸುಮಾರು 150 ವರ್ಷದ ನಂತರ, 1897ರಲ್ಲಿ, ಕೇಂಬ್ರಿಜ್‌ನಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡಾಗ ಅದರ ಪಾಲಿಗೆ ಋಣ ಬಂತು. ಹಳೆಯ ಬಾಣದ ಗುರುತನ್ನು ಯಾರೂ ತಿರುಗಿಸಲಿಲ್ಲ. ತಪ್ಪು ಮಕ್ಕಳದ್ದಲ್ಲ, ಇತಿಹಾಸದ್ದು.

ಈ ಥಾಮ್ಸನ್ ಹುಟ್ಟಿದ್ದು 1856ರಲ್ಲಿ, ನಮ್ಮ ಮ್ಯಾಂಚೆಸ್ಟರಿನ ಚೀಟಮ್ ಹಿಲ್‌ನಲ್ಲಿ. ಹದಿನಾಲ್ಕಕ್ಕೇ ಇಲ್ಲಿನ ಓವೆನ್ಸ್ ಕಾಲೇಜು ಸೇರಿದ. ರೈಲು ಎಂಜಿನ್ ತಯಾರಿಸುವವರಲ್ಲಿ ಕೆಲಸ ಕಲಿಯಬೇಕೆಂದು ಮನೆಯವರ ಯೋಚನೆ. ತಂದೆ ತೀರಿಹೋಗಿ, ಅದಕ್ಕೆ ಕಟ್ಟಬೇಕಾದ ಹಣ ಹೊಂದಲಿಲ್ಲ. ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ಗೆ ಹೋದ. ಅವನ ಗೆಳೆಯ, ಮೀಡಿಯಾಸಿಟಿಗೆ ಹತ್ತಿರದ ಮಾಂಟನ್‌ನಲ್ಲಿ 1852ರಲ್ಲಿ ಹುಟ್ಟಿದ ಜೆ.ಎಚ್. ಪಾಯಿಂಟಿಂಗ್, ಬರ್ಮಿಂಗ್‌ಹ್ಯಾಮಿನ ಮೇಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿ 1884ರಲ್ಲಿ ಇನ್ನೂ ಸೋಜಿಗದ ಮಾತು ಹೇಳಿದ: ಶಕ್ತಿ ಹರಿಯುವುದು ತಂತಿಯ ಒಳಗಲ್ಲ, ತಂತಿಯ ಸುತ್ತಲಿನ ವಿದ್ಯುತ್ ಮತ್ತು ಕಾಂತಕ್ಷೇತ್ರಗಳಲ್ಲಿ. ತಂತಿ ಅದಕ್ಕೆ ದಾರಿ ತೋರಿಸುತ್ತದೆ, ಅಷ್ಟೇ. ಎಲೆಕ್ಟ್ರಾನುಗಳು ಇರುವೆಗಿಂತ ನಿಧಾನವಾಗಿ ಸರಿದರೂ ಸ್ವಿಚ್ ಹಾಕಿದ ಕೂಡಲೇ ದೀಪ ಹತ್ತುವುದು ಇದರಿಂದಲೇ.

ಚಮ್ಮಾರ, ಬಿಯರ್ ತಯಾರಕನ ಮಗ, ಪುಸ್ತಕ ವ್ಯಾಪಾರಿಯ ಮಗ, ಮನೆ ಸುಟ್ಟುಕೊಂಡ ಪಾದ್ರಿ: ಇವರು ಕಟ್ಟಿದ ಶಾಸ್ತ್ರ ಇದು. ದೂರದ ಊರಿನಿಂದ ಬಂದು ಇಲ್ಲಿ ನೆಲೆ ನಿಂತ ನಮ್ಮ ಮಕ್ಕಳಿಗೆ, ಇದು ಯಾರೋ ದೊಡ್ಡವರ ಸ್ವತ್ತು ಎಂಬ ಅಳುಕು ಬೇಕಿಲ್ಲ.

ಬಿಡುವಿದ್ದ ಭಾನುವಾರ ಮೀಡಿಯಾಸಿಟಿಯಲ್ಲಿ ಟ್ರ್ಯಾಮ್ ಹತ್ತಿ. ಅದೂ 750 ವೋಲ್ಟಿನ ವಿದ್ಯುತ್ತಿನಲ್ಲೇ ಓಡುವುದು. ಕಾರ್ನ್‌ಬ್ರುಕ್‌ನಲ್ಲಿ ಬದಲಾಯಿಸಿ ಬ್ರುಕ್‌ಲ್ಯಾಂಡ್ಸ್‌ನಲ್ಲಿ ಇಳಿದರೆ ಅಲ್ಲಿನ ಸ್ಮಶಾನದಲ್ಲಿ ಜೂಲ್‌ನ ಸಮಾಧಿ. ಕಲ್ಲಿನ ಮೇಲೆ 772.55 ಎಂಬ ಅಂಕಿ ಕೆತ್ತಿದ್ದಾರೆ. ಆ ಅಂಕಿಯ ಅರ್ಥವೇನೆಂದು ಮಕ್ಕಳನ್ನೇ ಕೇಳಿ. ಉತ್ತರ ಕನ್ನಡದಲ್ಲಿ ಬಂದರೆ ಇನ್ನೂ ಸಂತೋಷ.