ಬಿಳಿ ಚೌಕದ ಪೂರ್ವೇತಿಹಾಸ

ಕೆಲವು ವರ್ಷಗಳ ಕೆಳಗೆ ತುಮಕೂರಿನ ಒಂದು ಅಚ್ಚುಕೂಟದಲ್ಲಿ ನಮ್ಮ ಬಂಧುಗಳ ಮನೆಯ ಲಗ್ನಪತ್ರಿಕೆ ಅಚ್ಚಾಯಿತು. ಹೆಣ್ಣು ಗುಬ್ಬಿಯ ಕಡೆಯವಳು, ಗಂಡು ಕುಣಿಗಲಿನವನು. ಕನ್ನಡದ ಮೇಷ್ಟ್ರೆಂಬ ಕಾರಣಕ್ಕೆ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಂಪ್ಯೂಟರಿನ ತೆರೆಯ ಮೇಲೆ ಎಲ್ಲವೂ ಚೆನ್ನ: ಬಂಗಾರದ ಬಣ್ಣದ ನೆಲ, ಅದರ ಮೇಲೆ ಗಣಪತಿ, ಗಣಪತಿಯ ಹಿಂದೆ ಹೊಗೆಯಂಥ ತೆಳು ನೆರಳು. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ಗಣಪತಿ ಒಂದು ಬಿಳಿ ಚೌಕದೊಳಗೆ ಕುಳಿತಿದ್ದ! ಮುಹೂರ್ತ ಹತ್ತಿರವಾಗಿತ್ತು. ಹುಡುಗಿಯ ಸೋದರಮಾವ ಇದನ್ನು ಅಪಶಕುನವೆಂದೇ ಬಗೆದರು. ಅಚ್ಚುಕೂಟದವರು ಚಿತ್ರ ಜೋಡಿಸಿದ ಹುಡುಗನನ್ನು ದೂರಿದರು, ಹುಡುಗ ಅಚ್ಚುಕೂಟವನ್ನು ದೂರಿದ. ತಪ್ಪು ಇಬ್ಬರದೂ ಅಲ್ಲ, ಅದು ಅವರಿಬ್ಬರಿಗಿಂತ ಹಳೆಯದು ಎಂಬುದು ಆಮೇಲೆ ಓದಿ ನನಗೆ ತಿಳಿಯಿತು.

ವಿನೋದವೆಂದರೆ, ಬಣ್ಣದ ಅಚ್ಚು ನಿಂತಿರುವುದೇ ಪಾರದರ್ಶಕತೆಯ ಮೇಲೆ. ಹಳದಿಯ ಮೇಲೆ ನೀಲಿ ಮಸಿ ಬಿದ್ದಾಗ ಹಸುರು ಕಾಣುವುದೇಕೆ? ಮೇಲಿನ ಮಸಿ ಕೆಳಗಿನದನ್ನು ಮುಚ್ಚದೆ ತೋರಗೊಡುವುದರಿಂದ. ಬೆಳಕು ಮಸಿಯ ಪದರಗಳನ್ನು ಹಾಯ್ದು ಕಾಗದವನ್ನು ಮುಟ್ಟಿ ಹಿಂದಿರುಗುತ್ತದೆ. ಕಲ್ಲಚ್ಚಿನ ಕಾಲದವರಿಗೂ ಇದು ಗೊತ್ತಿತ್ತು.

ಯಂತ್ರಕ್ಕೆ ಮಾತ್ರ ಇದು ಗೊತ್ತಿರಲಿಲ್ಲ. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ 1982ರಲ್ಲಿ ಸ್ಥಾಪಿಸಿದ ಅಡೋಬಿ ಕಂಪನಿ 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ಹೊರತಂದಿತು. ಚಿತ್ರವನ್ನು ಚುಕ್ಕಿಗಳ ರಾಶಿಯಾಗಿ ಅಲ್ಲ, 'ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಒಳಗೆ ಬಣ್ಣ ತುಂಬು' ಎಂಬ ಅಪ್ಪಣೆಗಳಾಗಿ ಬರೆಯುವ ಕ್ರಮವದು. ವೆಕ್ಟರ್ ಚಿತ್ರವೆಂದರೆ ಇದೇ. ಆದರೆ ಅದರ ಬಣ್ಣ ಕಂಪನಿ ನಾಟಕದ ಪರದೆಯ ಜಾತಿಯದು. ಇಳಿಬಿಟ್ಟರೆ ಹಿಂದಿನ ಅರಮನೆ, ಕಾಡು ಎಲ್ಲವೂ ಮಾಯ. (ನಮ್ಮ ಗುಬ್ಬಿ ಕಂಪನಿ ಹುಟ್ಟಿದ್ದು ಇದಕ್ಕೆ ಸರಿಯಾಗಿ ನೂರು ವರ್ಷ ಮೊದಲು, 1884ರಲ್ಲಿ!)

ಅದೇ 1984ರಲ್ಲಿ ಸಿನಿಮಾದವರ ಮನೆಯಲ್ಲಿ ಬೇರೊಂದು ಕೆಲಸ ನಡೆದಿತ್ತು. ಪ್ರತಿಯೊಂದು ಚುಕ್ಕಿಗೂ ಬಣ್ಣದ ಮೂರು ಅಂಕಿಗಳ ಜೊತೆಗೆ, ಅದು ಎಷ್ಟು ಮುಚ್ಚುತ್ತದೆಂದು ಹೇಳುವ ನಾಲ್ಕನೆಯ ಅಂಕಿಯನ್ನು 1970ರ ದಶಕದ ಕೊನೆಯಲ್ಲಿ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಕಲ್ಪಿಸಿದ್ದರು. ಆಲ್ಫಾ ಎಂದು ಅದರ ಹೆಸರು. ಆಲ್ಫಾ ನೂರಕ್ಕೆ ನಲವತ್ತಾದರೆ ಮೇಲಿನ ಬಣ್ಣ ನಲವತ್ತು ಪಾಲು, ಕೆಳಗಿನದು ಅರವತ್ತು. ಇಂಥ ಬೆರಕೆಯ ಲೆಕ್ಕವನ್ನು ಲೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರ ಒಂದು ಪ್ರಬಂಧದಲ್ಲಿ ಕ್ರಮಪಡಿಸಿದರು. ಒಂದೇ ವರ್ಷದ ಕೂಸುಗಳು. ಒಂದು ಅಚ್ಚುಕೂಟ ಸೇರಿತು, ಇನ್ನೊಂದು ಸಿನಿಮಾ ಸೇರಿತು.

ಅವು ಒಂದೇ ಮನೆಗೆ ಬಂದದ್ದು 2000ದಲ್ಲಿ, ಇಲ್ಲಸ್ಟ್ರೇಟರ್‌ನ ಒಂಬತ್ತನೆಯ ಆವೃತ್ತಿಯಲ್ಲಿ. ಮರುವರ್ಷ ಪಿಡಿಎಫ್ 1.4ರಲ್ಲಿ. ಆದರೆ ಅಚ್ಚಿನ ಯಂತ್ರಗಳು ಆಗಿನ್ನೂ ಪೋಸ್ಟ್‌ಸ್ಕ್ರಿಪ್ಟನ್ನೇ ಬಲ್ಲವಾಗಿದ್ದವು. ಆದ್ದರಿಂದ ಪಾರದರ್ಶಕ ಚಿತ್ರವನ್ನು ಅಪಾರದರ್ಶಕ ತುಂಡುಗಳಾಗಿ ಕತ್ತರಿಸಿ, ಬೆರೆತ ಬಣ್ಣವನ್ನು ಮೊದಲೇ ಲೆಕ್ಕಹಾಕಿ ಕಳುಹಿಸುವ ಉಪಾಯ ಹೂಡಿದರು. 'ಫ್ಲ್ಯಾಟನ್ ಮಾಡುವುದು' ಎಂದು ಅಚ್ಚುಕೂಟದ ಹುಡುಗರು ಹೇಳುವುದು ಇದನ್ನೇ. ತುಂಡುಗಳ ಸಂದಿಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಇಣುಕುತ್ತದೆ. ನಮ್ಮ ಪತ್ರಿಕೆಯ ಬಂಗಾರ ನಾಲ್ಕು ಬಣ್ಣಗಳ ಹೊರಗಿನ ಬೇರೆ ಮಸಿ. 'ನೆರಳನ್ನು ಬಂಗಾರದ ಮೇಲೆಯೇ ಒತ್ತು' ಎಂಬ ಅಪ್ಪಣೆಯನ್ನು ಯಂತ್ರ ಕಡೆಗಣಿಸಿತು, ನೆರಳಿನ ತುಂಡಿದ್ದಷ್ಟು ಜಾಗದಲ್ಲಿ ಬಂಗಾರ ಬಿಟ್ಟುಹೋಯಿತು. ಅದೇ ಬಿಳಿ ಚೌಕ.

ನನಗೆ ಹೆಚ್ಚು ನೋವಾದದ್ದು ಅಕ್ಷರಗಳನ್ನು ಕಂಡು. ನೆರಳಿನ ಕೆಳಗೆ ಸಿಕ್ಕಿದ ಬರಹ, ಕತ್ತರಿಯಲ್ಲಿ ಅಕ್ಷರತ್ವವನ್ನೇ ಕಳೆದುಕೊಂಡು ಬರಿಯ ಆಕಾರವಾಗುತ್ತದೆ. ಗೆರೆಗಳು ದಪ್ಪವಾಗಿ, ಸಣ್ಣ ಒತ್ತಕ್ಷರಗಳ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಆ ಕಡತದಲ್ಲಿ 'ಗುಬ್ಬಿ' ಎಂಬ ಮಾತನ್ನು ಹುಡುಕಿದರೆ ಸಿಕ್ಕದು, ಏಕೆಂದರೆ ಅಲ್ಲಿರುವುದು ಮಾತಲ್ಲ, ಚಿತ್ರ. ಫಾಂಟಿನ ತಕರಾರಿಗೆ ಹೆದರಿ ಕನ್ನಡವನ್ನೆಲ್ಲ ಮೊದಲೇ ಗೆರೆಗಳಾಗಿ ಮಾರ್ಪಡಿಸುವ ವಾಡಿಕೆಯೂ ಇದೆ. ಹೀಗೆ ಅಚ್ಚಾದ ಸ್ಮರಣಸಂಚಿಕೆಗಳೆಷ್ಟೋ! ಕಡತ ಉಳಿದಿದ್ದರೂ ಅದರಲ್ಲಿ ಕನ್ನಡ ಉಳಿದಿಲ್ಲ.

ಪಾರದರ್ಶಕತೆಯನ್ನು ಕತ್ತರಿಸದೆ ನೇರವಾಗಿ ಓದಬಲ್ಲ ಮುದ್ರಣತಂತ್ರವನ್ನು ಅಡೋಬಿ 2006ರಲ್ಲಿ ತಂದಿತು. ಹಾಗೆಯೇ ಕಳುಹಿಸಲು ಸಮ್ಮತಿಸುವ ಪಿಡಿಎಫ್/ಎಕ್ಸ್-4 ಎಂಬ ಅಂತರರಾಷ್ಟ್ರೀಯ ಮಾನಕ 2008ರಲ್ಲಿ ಬಂತು. ಆದರೂ ಕೋರೆಲ್‌ಡ್ರಾದಲ್ಲಿ ಬರೆದದ್ದನ್ನು ಇಲ್ಲಸ್ಟ್ರೇಟರ್‌ನಲ್ಲೋ ಇಂಕ್‌ಸ್ಕೇಪಿನಲ್ಲೋ ತೆರೆದಾಗ ಬೆರಕೆಯ ಬಗೆ ಬದಲಾಗುವುದುಂಟು. ತೆರೆಯ ಮೂರು ಬಣ್ಣಗಳಲ್ಲಿ ಬೆರೆಸಿದ್ದೂ ಅಚ್ಚಿನ ನಾಲ್ಕರಲ್ಲಿ ಬೆರೆಸಿದ್ದೂ ಒಂದೇ ಆಗುವುದಿಲ್ಲ.

ನಮ್ಮ ಪತ್ರಿಕೆಯ ಕಥೆ ಏನಾಯಿತೆಂದರೆ, ಹುಡುಗ ಮತ್ತೆ ಕುಳಿತ. ಗಣಪತಿಯ ಹಿಂದಿನ ಬಂಗಾರವನ್ನು ನಾಲ್ಕು ಬಣ್ಣಗಳಲ್ಲೇ ಮೂಡಿಸಿ, ನೆರಳನ್ನೂ ನೆಲವನ್ನೂ ಸೇರಿಸಿ ಅಂಗುಲಕ್ಕೆ 300 ಚುಕ್ಕಿಯ ಒಂದೇ ಚಿತ್ರ ಮಾಡಿದ. "ಸಾರ್, ಅಕ್ಷರಾನೆಲ್ಲಾ ಎಲ್ಲಕ್ಕಿಂತ ಮೇಲಿನ ಪದರಕ್ಕೆ ತಂದಿದೀನಿ, ಇನ್ನು ಅದರ ತಂಟೆಗೆ ಯಾರೂ ಬರಲ್ಲ" ಎಂದ. ಬಂಗಾರದ ಹೊಳಪು ತುಸು ಮಾಸಿತು; ಒತ್ತಕ್ಷರಗಳು ಗರಿಗರಿಯಾಗಿ ಬಂದವು. ಸೋದರಮಾವ ಮಾತ್ರ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗಣಪತಿಯ ಸುತ್ತ ಬಹಳ ಹೊತ್ತು ಚೌಕವನ್ನು ಹುಡುಕಿದರು.