ಮರಕ್ಕೆ ಯಾವ ಧರ್ಮ?

ಮೊಗಲರ ಕಾಲದ ಮಸೀದಿ ಎಂದರೆ ಕಲ್ಲು, ಗುಮ್ಮಟ, ಮಿನಾರು ಎಂದೇ ಪಾಠಪುಸ್ತಕಗಳು ನಮಗೆ ಕಲಿಸಿದವು. ಅಂಥದ್ದು ನೋಡಬೇಕಾದರೆ ಶಿರಾಕ್ಕೆ ಹೋಗಬೇಕು. 1687ರಲ್ಲಿ ಮೊಗಲರ ಕೈಸೇರಿದ ಆ ಊರಲ್ಲಿ 1696ರ ಕಲ್ಲಿನ ಜುಮ್ಮಾ ಮಸೀದಿ ಇದೆ. ನಮ್ಮ ಕರಾವಳಿಗೆ ಮೊಗಲರ ಆಡಳಿತ ಬರಲಿಲ್ಲ. ಇಲ್ಲಿ ಆಳಿದ್ದು ಮಳೆ.

ಪಡೀಲಿನಲ್ಲಿ ಬಸ್ಸು ಹತ್ತಿ, ಪೇಟೆಯಲ್ಲಿಳಿದು ಬಂದರಿಗೆ ನಡೆಯಿರಿ. ಅಲ್ಲಿ ಝೀನತ್ ಬಕ್ಷ್ ಮಸೀದಿ ಉಂಟು. ಕ್ರಿ.ಶ. 644ರಲ್ಲಿ ಮಾಲಿಕ್ ದೀನಾರರ ಸಂಗಡಿಗರು ಸ್ಥಾಪಿಸಿದರೆಂಬುದು ಪರಂಪರೆಯ ನಂಬಿಕೆ. ಹದಿನೆಂಟನೇ ಶತಮಾನದ ಕೊನೆಗೆ ಟಿಪ್ಪು ಜೀರ್ಣೋದ್ಧಾರ ಮಾಡಿಸಿದ. ಒಳಗೆ 16 ಕೆತ್ತನೆಯ ಮರದ ಕಂಬಗಳು. ಇಂಥದೇ ಮರಗೆಲಸ ಈ ನಾಡಿನ ದೇವಸ್ಥಾನಗಳಲ್ಲೂ ಗುತ್ತಿನ ಮನೆಗಳಲ್ಲೂ ಉಂಟು. ಯಾಕೆ? ಸುರಿಯುವ ಮಳೆ ಒಂದೇ, ಕಾಡಿನ ಮರ ಒಂದೇ, ಉಳಿ ಬಾಚಿ ಒಂದೇ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಲ್ಲಿ ಸುಡಲು ತೊಡಗಿದ ಹಂಚು ಕೂಡ ಚರ್ಚು, ಮಸೀದಿ, ಗುಡಿ ಎಂದು ಭೇದ ಮಾಡಲಿಲ್ಲ.

ಅರಸರ ಹೆಸರು ಉಳಿಯಿತು. ಮರ ಕಡಿದವನು, ದಿಮ್ಮಿ ಎಳೆದವನು, ಸುಣ್ಣ ಅರೆದವಳು ಯಾರು? ಚರಿತ್ರೆ ಬಾಯಿ ಬಿಡುವುದಿಲ್ಲ. ತಾನೇ ಹೊತ್ತ ತೊಲೆಯ ಗುಡಿಯೊಳಗೆ ಕಾಲಿಡಲು ಅಸ್ಪೃಶ್ಯನಿಗೆ ಅಪ್ಪಣೆ ಇರಲಿಲ್ಲ. ದುಡಿದವರ ಸಹಿ ಇರುವುದು ಆ ಮರದ ಮೇಲೆ ಮಾತ್ರ.

ಆ ಸಹಿ ಓದಲು ಬಾರದಿದ್ದರೆ ಏನಾಗುತ್ತದೆ? 2022ರ ಏಪ್ರಿಲಿನಲ್ಲಿ ಗಂಜಿಮಠದ ಬಳಿಯ ಮಳಲಿಯಲ್ಲಿ ನವೀಕರಣಕ್ಕೆಂದು ಹಳೆಯ ಮಸೀದಿಯ ಮುಂಭಾಗ ಕೆಡವಿದರು. ಒಳಗಿನ ಮರದ ಕಟ್ಟಡ ಕಂಡಿತು. ಗುಡಿಯಂತಿದೆ ಎಂದು ಕೂಗೆದ್ದಿತು. ಕೆಲಸ ನಿಂತಿತು, ವಿಷಯ ಕೋರ್ಟಿನ ಮೆಟ್ಟಿಲೇರಿತು. ತೀರ್ಪು ಕೋರ್ಟಿಗೆ ಬಿಟ್ಟದ್ದು. ನಾವು ಹೇಳುವುದಿಷ್ಟೆ: ಈ ನೆಲದಲ್ಲಿ ರೂಪ ನೋಡಿದ ಮಾತ್ರಕ್ಕೆ ಕಟ್ಟಡದ ಧರ್ಮ ಹೇಳಲಾಗದು. ಕಂಬ ಕೆತ್ತಿದ ಕೈಗೆ ಎಲ್ಲ ಕಡೆಯೂ ಗೊತ್ತಿದ್ದದ್ದು ಅದೊಂದೇ ಕಸುಬು.

ಆದ್ದರಿಂದ ಉಳಿಸುವುದೆಂದರೆ ಕೆಡವಿ ಕಾಂಕ್ರೀಟು ಸುರಿಯುವುದಲ್ಲ. ಮುಟ್ಟುವ ಮೊದಲು ಅಳತೆ, ನಕ್ಷೆ, ಫೋಟೋ ಬೇಕು, ಅದೂ ಊರವರ ಕಣ್ಣೆದುರಿಗೆ. ಆಮೇಲೆ ಒಡೆದ ಹಂಚು ಬದಲಿಸಿ ಸೋರುವುದನ್ನು ನಿಲ್ಲಿಸಬೇಕು. ಒರಲೆ ತಿಂದ ಪಕ್ಕಾಸು ಮಾತ್ರ ತೆಗೆದು ಅದೇ ಜಾತಿಯ ಮರ ಕೂರಿಸಬೇಕು. ಸುಣ್ಣದ ಗೋಡೆಗೆ ಸುಣ್ಣವೇ ಆಗಬೇಕು. ಸಿಮೆಂಟು ಬಳಿದರೆ ಪಸೆ ಒಳಗೇ ಸಿಕ್ಕಿಬಿದ್ದು ಗೋಡೆ ಹಾಳಾಗುತ್ತದೆ. ಈ ಕೆಲಸ ಬಲ್ಲ ಆಚಾರಿಗೆ ತಕ್ಕ ಮಜೂರಿಯೂ ಸಿಗಬೇಕು.

ಹಳೆಯ ಕಂಬವೊಂದು ಉರುಳಿದರೆ ಹೋಗುವುದು ಮುಸ್ಲಿಮರ ಆಸ್ತಿ ಮಾತ್ರ ಅಲ್ಲ ಮಾರಾಯರೇ. ಅಕ್ಷರ ಕಲಿಯಲು ಬಿಡದಿದ್ದ ನಮ್ಮಜ್ಜಂದಿರು ಬರೆದಿಟ್ಟ ದಸ್ತಾವೇಜೇ ಹೋಗುತ್ತದೆ.